ಅಬೆರಸ್ಟ್ವಿತ್: ಒಂದು ಅಳಿವೆಯೂರಿನ ಹೆಸರುಗಳು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಸ್ಥಳೀಯ ಇತಿಹಾಸ ಉಪನ್ಯಾಸಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ಸ್ಥಳನಾಮಗಳನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಹೇಳಿದಾಗ ಅವರ ಮನಸ್ಸಿನಲ್ಲಿದ್ದುದು ಕಾಸರಗೋಡು, ಕುಂಬಳೆ, ಮಂಜೇಶ್ವರಗಳೇ ಇರಬೇಕು. ನಾವು ಬೇಕೆಂದೇ ಬಹು ದೂರದ ಊರೊಂದನ್ನು ಆರಿಸಿಕೊಂಡು ಬಂದಿದ್ದೇವೆ. ನಮ್ಮ ಊರುಗಳ ಹೆಸರಿನ ಮಾತು ಬಂದೊಡನೆ ನಮ್ಮಲ್ಲಿ ದನಿ ಏರುತ್ತದೆ. ಯಾವ ರೂಪ ಮೊದಲಿನದು, ಯಾವುದು ಆಮೇಲೆ ಬಂದುದು ಎಂಬ ವಾದವು ಭಾಷಾಶಾಸ್ತ್ರವನ್ನು ಬಿಟ್ಟು ಬೇರೆ ಕಡೆಗೆ ಹೊರಳುತ್ತದೆ. ಪರರ ಊರಿನ ವಿಷಯದಲ್ಲಿ ಆ ತಾಪವಿಲ್ಲ. ಅಲ್ಲಿ ನಾವು ಸಮಾಧಾನದಿಂದ ನೋಡಬಲ್ಲೆವು. ಅಲ್ಲದೆ ಆ ಊರಿನಲ್ಲಿ ಒಂದು ಚಿಕ್ಕ ಶಾಲೆಯ ಕಥೆಯೂ ಇದೆ. ಅದನ್ನು ಈ ಶಾಲೆಯ ಅಂಗಳದಲ್ಲಿ ಹೇಳದಿರಲು ಮನಸ್ಸು ಒಪ್ಪಲಿಲ್ಲ.

ಬ್ರಿಟನ್ ದ್ವೀಪದ ಪಶ್ಚಿಮದಲ್ಲಿರುವ ವೇಲ್ಸ್ ದೇಶದ ನಡು ಕರಾವಳಿಯಲ್ಲಿ ಅಬೆರಸ್ಟ್ವಿತ್ ಎಂಬ ಪಟ್ಟಣವಿದೆ. ಮುಂದೆ ಕಾರ್ಡಿಗನ್ ಕೊಲ್ಲಿ, ಹಿಂದೆ ಗುಡ್ಡಸಾಲು, ಕಡಲಂಚಿನ ಉದ್ದಕ್ಕೂ ವಿಹಾರದ ಬೀದಿ, ಒಂದು ತುದಿಯಲ್ಲಿ ಹಾಳುಬಿದ್ದ ಕೋಟೆ. ಬೇಕಲದ ಕೋಟೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದವರಿಗೆ ಈ ಚಿತ್ರ ತೀರ ಅಪರಿಚಿತವಾಗದು. ಮಳೆ ಮತ್ತು ಚಳಿ ಮಾತ್ರ ಬೇರೆ ಬಗೆಯವು.

ಮೊದಲು ದೇಶದ ಹೆಸರನ್ನೇ ನೋಡೋಣ. ‘ವೇಲ್ಸ್’ ಎಂಬುದು ಅಲ್ಲಿನವರು ಇಟ್ಟುಕೊಂಡ ಹೆಸರಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಪರಕೀಯ’ ಎಂಬ ಅರ್ಥದ ಶಬ್ದದಿಂದ ಅದು ಬಂದಿದೆ. ದ್ವೀಪಕ್ಕೆ ಆಮೇಲೆ ಬಂದವರು ಮೊದಲಿನಿಂದ ಇದ್ದವರನ್ನು ಪರಕೀಯರೆಂದು ಕರೆದರು, ಆ ಹೆಸರೇ ಜಗತ್ತಿನ ನಕ್ಷೆಗಳಲ್ಲಿ ನಿಂತಿತು! ಅಲ್ಲಿನವರು ತಮ್ಮ ನಾಡನ್ನು ಕರೆಯುವುದು ‘ಕಮ್ರಿ’ ಎಂದು. ಅದರ ಮೂಲಾರ್ಥ ‘ಒಂದೇ ನಾಡಿನವರು’. ಒಬ್ಬರೇ ಜನ ಒಂದು ಭಾಷೆಯಲ್ಲಿ ಪರಕೀಯರು, ಇನ್ನೊಂದರಲ್ಲಿ ನಾಡಿಗರು. ಗಡಿನಾಡಿನಲ್ಲಿ ಬಾಳುವ ನಮಗೆ ಇದನ್ನು ಹೆಚ್ಚು ವಿವರಿಸಿ ಹೇಳಬೇಕಾಗಿಲ್ಲ.

ಪಟ್ಟಣದ ಹೆಸರಿನಲ್ಲಿ ಎರಡು ಭಾಗಗಳಿವೆ: ‘ಅಬೆರ್’ ಮತ್ತು ‘ಅಸ್ಟ್ವಿತ್’. ಅಬೆರ್ ಎಂದರೆ ನದಿ ಕಡಲನ್ನು, ಅಥವಾ ಇನ್ನೊಂದು ನದಿಯನ್ನು, ಸೇರುವ ಸ್ಥಳ; ನಮ್ಮ ಕರಾವಳಿಯ ಮಾತಿನಲ್ಲಿ ಅಳಿವೆ. ಅಸ್ಟ್ವಿತ್ ಎಂಬುದು ನದಿಯ ಹೆಸರು. ಬಳುಕುವ, ಮಣಿಯುವ ಎಂಬ ಅರ್ಥದ ವಿಶೇಷಣವದು. ಗ್ರೀಕ್ ಭೂಗೋಳಜ್ಞ ಟಾಲೆಮಿಯು ಕ್ರಿ.ಶ. 2ನೆಯ ಶತಮಾನದಲ್ಲಿ ‘ಸ್ಟುಕ್ಕಿಯಾ’ ಎಂದು ಬರೆದಿಟ್ಟ ನದಿಯು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂತೂ ಊರಿನ ಹೆಸರು ‘ಬಳುಕು ಹೊಳೆಯ ಅಳಿವೆ’.

‘ಅಬೆರ್’ ಶಬ್ದದ ಬೇರು ನಮಗೂ ಗೊತ್ತಿರುವುದೇ. ‘ಹೊತ್ತು ತಂದು ಸೇರಿಸುವುದು’ ಎಂಬುದು ಅದರ ಮೂಲಾರ್ಥ. ಅದರೊಳಗಿನ ಧಾತು ಸಂಸ್ಕೃತದ ‘ಭೃ’ ಧಾತುವಿನ ಒಡಹುಟ್ಟು. ನಾವು ದಿನವೂ ಆಡುವ ಭಾರ, ಭರಿಸು ಎಂಬ ಮಾತುಗಳು ಅದೇ ವಂಶದವು. ಹೊಳೆಯು ತನ್ನ ನೀರಿನ ಭಾರವನ್ನು ತಂದಿಳಿಸುವ ತಾಣವೇ ಅಬೆರ್. ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಹೆಸರಲ್ಲಿಯೂ ಇದೇ ಪದವಿದೆ. ವೆಲ್ಷ್ ಭಾಷೆಯ ಬಳಗ ಒಮ್ಮೆ ಅಷ್ಟು ಉತ್ತರದವರೆಗೆ ಹಬ್ಬಿತ್ತು ಎಂಬುದಕ್ಕೆ ಇಂಥ ಹೆಸರುಗಳೇ ಸಾಕ್ಷಿ.

ಈಗ ಒಂದು ವಿಚಿತ್ರ. ನಕ್ಷೆಯನ್ನು ತೆರೆದು ನೋಡಿದರೆ ಅಬೆರಸ್ಟ್ವಿತ್ ಪಟ್ಟಣ ಇರುವುದು ಅಸ್ಟ್ವಿತ್ ನದಿಯ ದಡದಲ್ಲಲ್ಲ, ರೈಡಾಲ್ ಎಂಬ ಇನ್ನೊಂದು ನದಿಯ ದಡದಲ್ಲಿ! ಹೆಸರು ಸುಳ್ಳು ಹೇಳುತ್ತಿದೆಯೇ? ಇಲ್ಲ, ಹೆಸರು ನಡೆದು ಬಂದಿದೆ. ಸುಮಾರು 1110ರಲ್ಲಿ ನಾರ್ಮನ್ ಸರದಾರ ಗಿಲ್ಬರ್ಟ್ ಡಿ ಕ್ಲೇರ್ ಕಟ್ಟಿಸಿದ ಮೊದಲ ಕೋಟೆ ಇದ್ದುದು ದಕ್ಷಿಣಕ್ಕೆ, ಅಸ್ಟ್ವಿತ್ ನದಿಯ ಅಳಿವೆಯ ಬಳಿ. 1277ರಲ್ಲಿ ಇಂಗ್ಲೆಂಡಿನ ದೊರೆ 1ನೆಯ ಎಡ್ವರ್ಡ್ ವೇಲ್ಸನ್ನು ಮಣಿಸಲು ಹೊರಟಾಗ ಹೊಸ ಕೋಟೆಯೊಂದು ರೈಡಾಲ್ ನದಿಯ ಮುಖದಲ್ಲಿ ಎದ್ದಿತು. ಅದರ ಸುತ್ತ ಗೋಡೆ ಕಟ್ಟಿದ ಪೇಟೆಯೂ ಬೆಳೆಯಿತು. ಆ ಪೇಟೆಗೆ ಮೊದಲು ಇದ್ದುದು ಲಾನ್‌ಬದಾರ್ನ್ ಗೈರಾಗ್ ಎಂಬ ಹೆಸರು, ಅಂದರೆ ‘ಕೋಟೆಯುಳ್ಳ ಲಾನ್‌ಬದಾರ್ನ್’. ಮೈಲಿ ದೂರದ ಹಳೆಯ ಧರ್ಮಕ್ಷೇತ್ರ ಲಾನ್‌ಬದಾರ್ನ್ ವೌರ್, ಅಂದರೆ ‘ಹಿರಿಯ ಲಾನ್‌ಬದಾರ್ನ್’ನಿಂದ ಇದನ್ನು ಬೇರೆ ಮಾಡಿ ಹೇಳಲು ಆ ವಿಶೇಷಣ. ಆದರೆ ಜನರ ಬಾಯಲ್ಲಿ ಹಳೆಯ ಕೋಟೆಯ ಹೆಸರು ಸಾಯಲಿಲ್ಲ; ಕಾಲಕ್ರಮದಲ್ಲಿ ಅದೇ ಹೊಸ ಊರಿಗೂ ಅಂಟಿಕೊಂಡಿತು. ಇನ್ನೊಂದು ತಮಾಷೆಯೆಂದರೆ, ಮುಂದೆ ಬಂದರಿನ ಅನುಕೂಲಕ್ಕಾಗಿ ಅಸ್ಟ್ವಿತ್ ನದಿಯನ್ನೇ ಇತ್ತ ತಿರುಗಿಸಿದರು. ಇಂದು ಎರಡು ನದಿಗಳೂ ಒಂದೇ ಬಂದರಿನಲ್ಲಿ ಕೂಡಿ ಕಡಲಿಗೆ ಇಳಿಯುತ್ತವೆ. ಹೆಸರು ಮೊದಲು ಬಂತು, ನದಿ ಹಿಂದಿನಿಂದ ಬಂದು ಅದನ್ನು ನಿಜ ಮಾಡಿತು.

ಕೋಟೆಯ ಕಥೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇವೆ. ಕೋಟೆಗಳ ಕಥೆ ಎಲ್ಲೆಡೆಯೂ ಒಂದೇ. 1404ರಲ್ಲಿ ವೆಲ್ಷ್ ವೀರ ಓವೈನ್ ಗ್ಲಿಂಡೂರ್ ಅದನ್ನು ಗೆದ್ದ, 1408ರಲ್ಲಿ ಕಳೆದುಕೊಂಡ. 1649ರಲ್ಲಿ ಪಾರ್ಲಿಮೆಂಟಿನ ಪಡೆಯವರು ಅದನ್ನು ಒಡೆದು ಹಾಕಿದರು. ಉಳಿದ ಕಲ್ಲುಗಳು ಊರಿನ ಮನೆಗಳಿಗೆ ಹೋದವು.

ಲಾನ್‌ಬದಾರ್ನ್ ವೌರ್ ಎಂಬ ಹೆಸರಿನ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕನ್ನಡ ವ್ಯಾಕರಣವನ್ನು ಕಲಿತವರಿಗೆ ಇಲ್ಲಿ ಹಬ್ಬದೂಟವಿದೆ. ‘ಲಾನ್’ ಎಂದರೆ ಮೊದಲು ಬೇಲಿ ಹಾಕಿದ ಆವರಣ, ಆಮೇಲೆ ಚರ್ಚು. (ಅದರ ಮೊದಲ ಅಕ್ಷರವನ್ನು ವೆಲ್ಷ್ ಜನ ನಾಲಿಗೆಯ ಬದಿಯಿಂದ ಉಸಿರು ಹರಿಸಿ ಉಚ್ಚರಿಸುತ್ತಾರೆ; ನಮ್ಮ ಲ, ಳ ಎರಡೂ ಅದಕ್ಕೆ ಸಾಲವು.) ಆರನೆಯ ಶತಮಾನದಲ್ಲಿ ಅಲ್ಲಿ ಮಠ ಸ್ಥಾಪಿಸಿದ ಸಂತನ ಹೆಸರು ಪದಾರ್ನ್. ‘ಹಿರಿಯ’ ಎಂಬುದಕ್ಕೆ ವೆಲ್ಷ್ ಪದ ‘ಮೌರ್’. ಈ ಮೂರೂ ಸೇರಿದಾಗ ಪದಾರ್ನ್ ಹೋಗಿ ಬದಾರ್ನ್ ಆಯಿತು, ಮೌರ್ ಹೋಗಿ ವೌರ್ ಆಯಿತು. ಪಕಾರಕ್ಕೆ ಬಕಾರ, ಮಕಾರಕ್ಕೆ ವಕಾರ! ಕಣ್ಣಿಗೆ ಪನಿ ಸೇರಿ ಕಂಬನಿಯಾದಂತೆ, ಮೇಲಿಗೆ ಮಾತು ಸೇರಿ ಮೇಲ್ವಾತಾದಂತೆ. ಪ, ಬ, ಮಗಳಿಗೆ ವಕಾರ ಬರುವ ಆದೇಶವನ್ನು ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ವಿಧಿಸಿದ್ದಾನೆ. ಎಂಟನೆಯ ತರಗತಿಯ ಮಕ್ಕಳು ಆದೇಶ ಸಂಧಿಯನ್ನು ಬಾಯಿಪಾಠ ಮಾಡಿ ಬೇಸರಪಡುವಾಗ ನಾವು ಈ ಸಂತನ ಹೆಸರನ್ನು ಹಲಗೆಯ ಮೇಲೆ ಬರೆದು ತೋರಿಸುವುದುಂಟು.

ಆದರೆ ಇದರಿಂದ ಕನ್ನಡಕ್ಕೂ ವೆಲ್ಷ್‌ಗೂ ನೆಂಟಸ್ತನ ಹುಡುಕಬಾರದು. ಅದು ಇಂಡೋ-ಯುರೋಪಿಯನ್ ವರ್ಗದ ಕೆಲ್ಟಿಕ್ ಶಾಖೆಯದು, ನಮ್ಮದು ದ್ರಾವಿಡ. ಎರಡರ ನಿಯಮವೂ ಒಂದೇ ಅಲ್ಲ. ವೆಲ್ಷ್‌ನಲ್ಲಿ ಈ ಮಾರ್ಪಾಡು ವ್ಯಾಕರಣದ ಸಂದರ್ಭವನ್ನು ಅವಲಂಬಿಸುತ್ತದೆ, ಹೆಚ್ಚಾಗಿ ಸ್ತ್ರೀಲಿಂಗದ ನಾಮಪದದ ಮುಂದೆ ಬಂದ ವಿಶೇಷಣದಲ್ಲಿ ಕಾಣುತ್ತದೆ. ಮನುಷ್ಯನ ತುಟಿ ನಾಲಿಗೆಗಳು ಎಲ್ಲೆಡೆಯೂ ಒಂದೇ ಆದ್ದರಿಂದ ಸೋಲುವ ರೀತಿಯೂ ಒಂದೇ, ಅಷ್ಟೆ. ಶಬ್ದಸಾಮ್ಯವನ್ನು ಕಂಡೊಡನೆ ಸಂಬಂಧ ಕಟ್ಟುವ ಚಟ ಸ್ಥಳನಾಮಶಾಸ್ತ್ರಕ್ಕೆ ತಗಲಿದ ಹಳೆಯ ರೋಗ. ಅಬೆರಸ್ಟ್ವಿತ್ ಇರುವ ಜಿಲ್ಲೆಯ ಹೆಸರು ಕೆರೆದಿಗ್ಯೋನ್. ಅದರಲ್ಲಿ ನಮ್ಮ ಕೆರೆಯೂ ಇಲ್ಲ, ದಿಕ್ಕೂ ಇಲ್ಲ. ಕೆರೆದಿಗ್ ಎಂಬ ನಾಯಕನ ವಂಶದವರ ನಾಡು ಎಂದು ಅರ್ಥ. ನಮ್ಮ ಕಾಸರಗೋಡನ್ನೂ ಕಾಸಾರ, ಕ್ರೋಡ ಎಂದು ಸಂಸ್ಕೃತದಿಂದ ಸಾಧಿಸುವವರಿದ್ದಾರೆ. ಕಾಸರಕನ ಮರಗಳಿಂದ ಬಂದ ಹೆಸರೆನ್ನುವವರೂ ಇದ್ದಾರೆ. ಮರದ ಪಕ್ಷವೇ ನಮಗೆ ಹೆಚ್ಚು ಮೆಚ್ಚುಗೆ. ಸಾಮಾನ್ಯ ಜನರು ಊರಿಗೆ ಹೆಸರಿಡುವಾಗ ಕಣ್ಣೆದುರಿನ ಮರ, ಗುಡ್ಡ, ಹೊಳೆಗಳನ್ನು ನೋಡುತ್ತಾರೆಯೇ ಹೊರತು ಕೋಶವನ್ನು ತೆರೆಯುವುದಿಲ್ಲ.

ಈ ಆದೇಶದ ಬೀಗದಕೈ ಸಿಕ್ಕಿದ ಮೇಲೆ ಸುತ್ತಲಿನ ಹೆಸರುಗಳು ತಾವಾಗಿ ತೆರೆದುಕೊಳ್ಳುತ್ತವೆ. ಪಟ್ಟಣದ ಸೇತುವೆಯಾಚೆಗಿನ ಕೇರಿ ‘ತ್ರೆವೆಖಾನ್’: ‘ತ್ರೆವ್’ ಎಂದರೆ ಊರು, ‘ಬೆಖಾನ್’ ಎಂದರೆ ಚಿಕ್ಕದು, ಬಕಾರ ವಕಾರವಾಗಿ ಕಿರಿಯೂರು. ಉತ್ತರದ ‘ಬೋರ್ತ್’ ಊರು ‘ಪೋರ್ತ್’, ಅಂದರೆ ಬಂದರು. ಎರಡು ನದಿಗಳ ನಡುವಿನ ಗುಡ್ಡ ‘ಪೆನ್ ದಿನಾಸ್’, ಕೋಟೆಯ ತಲೆ. ನೆತ್ತಿಯ ಮೇಲೆ ಕಬ್ಬಿಣಯುಗದ ಕೋಟೆಯ ದಿಣ್ಣೆಗಳು ಇಂದಿಗೂ ಇವೆ. ತಲಕಾವೇರಿಯ ‘ತಲೆ’ಯಂತೆ ಅವರ ‘ಪೆನ್’ ಕೂಡ ತುದಿ, ನೆತ್ತಿ, ಮೊದಲು ಎಂಬ ಎಲ್ಲ ಅರ್ಥಗಳನ್ನೂ ಹೊರುತ್ತದೆ.

ಪಟ್ಟಣದಿಂದ ಗುಡ್ಡದೊಳಗೆ 1902ರಲ್ಲಿ ಹಾಕಿದ ಕಿರುಹಳಿಯ ರೈಲೊಂದು ಹೋಗುತ್ತದೆ. ಕೊನೆಯ ನಿಲ್ದಾಣದ ಇಂಗ್ಲಿಷ್ ಹೆಸರಿಗೆ ‘ಸೈತಾನನ ಸೇತುವೆ’ ಎಂದರ್ಥ. ಕಮರಿಯಾಚೆ ಸಿಕ್ಕಿಬಿದ್ದ ಹಸುವಿಗಾಗಿ ಅಳುತ್ತಿದ್ದ ಮುದುಕಿಗೆ ಸೈತಾನನು ಸೇತುವೆ ಕಟ್ಟಿಕೊಡುತ್ತೇನೆಂದನಂತೆ. ಅದನ್ನು ಮೊದಲು ದಾಟುವ ಜೀವ ತನ್ನದಾಗಬೇಕೆಂಬ ಕರಾರು. ಮುದುಕಿ ರೊಟ್ಟಿಯ ತುಂಡನ್ನು ಆಚೆಗೆ ಎಸೆದಳು, ನಾಯಿ ಓಡಿತು, ಸೈತಾನ ಬೆಪ್ಪಾದ. ಕಥೆ ಸೊಗಸಾಗಿದೆ, ಪ್ರವಾಸಿಗರಿಗೆ ಬೇಕಾದುದೂ ಅದೇ. ಆದರೆ ವೆಲ್ಷ್ ಹೆಸರು ‘ಪೊಂಟ್-ಅರ್-ವನಾಖ್’ ಹೇಳುವುದು ಬೇರೆಯೇ: ಮನಾಖ್ ಹೊಳೆಯ ಮೇಲಿನ ಸೇತುವೆ. ಮನಾಖ್ ಎಂದರೆ ಸನ್ಯಾಸಿ. ಹತ್ತಿರದಲ್ಲೇ ಸಿಸ್ಟರ್ಸಿಯನ್ ಸನ್ಯಾಸಿಗಳ ದೊಡ್ಡ ಮಠವಿತ್ತು. ಅಲ್ಲಿ ಮಧ್ಯಯುಗದ ಕಲ್ಲಿನ ಸೇತುವೆಯ ಮೇಲೆ 1753ರದೊಂದು, ಅದರ ಮೇಲೆ 1901ರ ಕಬ್ಬಿಣದ್ದೊಂದು, ಹೀಗೆ ಮೂರು ಸೇತುವೆಗಳು ಒಂದರ ತಲೆಯ ಮೇಲೊಂದು ನಿಂತಿವೆ. ಒಂದು ಹೆಸರು ಕಥೆಯನ್ನು ಕಾದಿದೆ, ಇನ್ನೊಂದು ಹೊಳೆಯನ್ನೂ ಸನ್ಯಾಸಿಗಳನ್ನೂ ಕಾದಿದೆ. ಫಲಕದಿಂದ ವೆಲ್ಷ್ ಹೆಸರನ್ನು ಅಳಿಸಿದರೆ ಸನ್ಯಾಸಿಗಳು ಹೋಗಿ ಸೈತಾನ ಮಾತ್ರ ಉಳಿಯುತ್ತಾನೆ.

ಬೋರ್ತ್ ಕಡಲತೀರದಲ್ಲಿ ಇನ್ನೊಂದು ಸೋಜಿಗ. ನೀರಿಳಿತದ ವೇಳೆಯಲ್ಲಿ, ವಿಶೇಷವಾಗಿ 2014ರ ದೊಡ್ಡ ಬಿರುಗಾಳಿಗಳು ಮರಳನ್ನು ಕೊಚ್ಚಿಕೊಂಡು ಹೋದ ಮೇಲೆ, ನೂರಾರು ಮರದ ಬುಡಗಳು ಕಾಣಿಸಿಕೊಂಡವು. ಓಕ್, ಪೈನ್, ಬರ್ಚ್ ಮರಗಳ ಆ ಕಾಡು ಸತ್ತು ನಾಲ್ಕೂವರೆ ಸಾವಿರ ವರ್ಷಗಳಿಗೂ ಮೇಲಾಯಿತು. ‘ಕಾಂತ್ರೆರ್ ಗ್ವೈಲೋದ್’, ಅಂದರೆ ‘ತಗ್ಗಿನ ನೂರೂರು’ ಎಂಬ ನಾಡು ಅಲ್ಲಿತ್ತು, ಸೈಥೆನಿನ್ ಎಂಬ ಕಾವಲುಗಾರ ಕುಡಿದು ಮಲಗಿದ್ದರಿಂದ ಕಡಲು ಅದನ್ನು ನುಂಗಿತು ಎಂಬ ಐತಿಹ್ಯ ಜನರ ಬಾಯಲ್ಲಿದೆ. ಹದಿಮೂರನೆಯ ಶತಮಾನದ ‘ಕಾರ್ಮಾರ್ಥೆನ್‌ನ ಕಪ್ಪು ಪುಸ್ತಕ’ವೆಂಬ ಹಸ್ತಪ್ರತಿಯಲ್ಲಿಯೇ ಆ ಪ್ರಳಯದ ಪದ್ಯವಿದೆ. ಪರಶುರಾಮನ ಕೊಡಲಿಗೆ ಹಿಂದೆ ಸರಿದು ಕಡಲು ನೆಲ ಬಿಟ್ಟುಕೊಟ್ಟಿತೆಂದು ನಾವು ಹೇಳುತ್ತೇವೆ. ಕಡಲು ನೆಲವನ್ನು ಕಸಿದುಕೊಂಡಿತೆಂದು ಅವರು ಹೇಳುತ್ತಾರೆ. ಕಡಲಿಗೆ ಸಾಲುಗಲ್ಲಿನಂತೆ ಚಾಚಿರುವ ದಿಬ್ಬವನ್ನು ಮುಳುಗಿದ ನಾಡಿನ ಗೋಡೆಯೆಂದು ಹಳಬರು ತೋರಿಸುತ್ತಿದ್ದರು. ಅದು ಹಿಮನದಿ ಬಿಟ್ಟುಹೋದ ಕಲ್ಲುರಾಶಿ ಎಂದು ಭೂವಿಜ್ಞಾನ ಹೇಳುತ್ತದೆ. ಗೋಡೆ ಸುಳ್ಳು, ಕಾಡು ನಿಜ.

ಈಗ ಶಾಲೆಯ ಮಾತಿಗೆ ಬರೋಣ. 1864ರಲ್ಲಿ ರೈಲು ಬಂದಾಗ ಕಡಲಂಚಿನಲ್ಲಿ ಭಾರಿ ಹೋಟೆಲೊಂದನ್ನು ಕಟ್ಟಲು ಹೊರಟ ಗುತ್ತಿಗೆದಾರ ದಿವಾಳಿಯಾದ. ಆ ಅರ್ಧಂಬರ್ಧ ಕಟ್ಟಡವನ್ನು ಕೊಂಡು 1872ರಲ್ಲಿ 26 ವಿದ್ಯಾರ್ಥಿಗಳೊಡನೆ ವೇಲ್ಸಿನ ಮೊದಲ ವಿಶ್ವವಿದ್ಯಾಲಯ ಕಾಲೇಜನ್ನು ತೆರೆದರು. ಅದಕ್ಕೆ ಚರ್ಚುಗಳಲ್ಲಿ ಸಂಗ್ರಹವಾದ ಬಡವರ ಬಿಡಿಕಾಸುಗಳೂ ಸೇರಿದ್ದವು. 1907ರಲ್ಲಿ ರಾಷ್ಟ್ರೀಯ ಗ್ರಂಥಾಲಯವೂ ಅದೇ ಊರಿಗೆ ಬಂತು. ಮೇಲೆ ಹೇಳಿದ ಕಪ್ಪು ಪುಸ್ತಕ ಇರುವುದು ಅಲ್ಲಿಯೇ. ಇಷ್ಟೆಲ್ಲ ಇದ್ದೂ ಮಕ್ಕಳಿಗೆ ವೆಲ್ಷ್ ಮಾಧ್ಯಮದ ಒಂದು ಪ್ರಾಥಮಿಕ ಶಾಲೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗಹಾಕುತ್ತಿದ್ದರು. ಹಾಗೆ ತೂಗಿಸಿಕೊಂಡವರಲ್ಲಿ ಒಬ್ಬರು ಓ. ಎಂ. ಎಡ್ವರ್ಡ್ಸ್, ಅವರೇ ಮುಂದೆ ವೇಲ್ಸಿನ ಶಾಲೆಗಳ ಮುಖ್ಯ ಪರೀಕ್ಷಾಧಿಕಾರಿಗಳಾದರು. ಅವರ ಮಗ ಇವಾನ್ ಅಬ್ ಓವೆನ್ ಎಡ್ವರ್ಡ್ಸ್ 1939ರ ಸೆಪ್ಟೆಂಬರಿನಲ್ಲಿ, ಮಹಾಯುದ್ಧ ಆರಂಭವಾದ ತಿಂಗಳಿನಲ್ಲಿಯೇ, ಅಬೆರಸ್ಟ್ವಿತ್‌ನಲ್ಲಿ ವೆಲ್ಷ್ ಮಾಧ್ಯಮದ ಮೊದಲ ಪ್ರಾಥಮಿಕ ಶಾಲೆಯನ್ನು ತೆರೆದರು. ಬಾಂಬಿನ ಭಯದಿಂದ ಇಂಗ್ಲಿಷ್ ನಗರಗಳ ಮಕ್ಕಳನ್ನು ಆ ಊರಿಗೆ ಕಳುಹಿಸುತ್ತಿದ್ದ ಕಾಲವದು. ಸ್ಥಳೀಯ ತರಗತಿಗಳ ಭಾಷೆ ಪೂರ್ತಿ ಇಂಗ್ಲಿಷಿಗೆ ತಿರುಗೀತೆಂಬ ಆತಂಕವಿತ್ತು. ಶಿಕ್ಷಕಿ ನೋರಾ ಐಸಾಕ್. ಮಕ್ಕಳು ಏಳು.

ಏಳೇ ಮಕ್ಕಳು. ಸಹೋದ್ಯೋಗಿಗಳು ಈ ಸಂಖ್ಯೆಯನ್ನು ಕೇಳಿ ತಲೆಯಾಡಿಸುತ್ತಿರುವುದು ನಮಗೆ ಕಾಣುತ್ತಿದೆ. ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ದಾಖಲಾತಿ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಾಗ ನಮಗೂ ಈ ಏಳರ ನೆನಪಾಗುತ್ತದೆ. ಖಾಸಗಿಯಾಗಿ ನಡೆದ ಆ ಶಾಲೆಯನ್ನು 1952ರಲ್ಲಿ ಸ್ಥಳೀಯ ಆಡಳಿತ ವಹಿಸಿಕೊಂಡಿತು. ಅಷ್ಟರೊಳಗೆ, 1947ರಲ್ಲಿ, ಲನೆಲ್ಲಿ ಪಟ್ಟಣದಲ್ಲಿ ಆಡಳಿತವೇ ತೆರೆದ ವೆಲ್ಷ್ ಶಾಲೆಯೂ ಬಂದಿತ್ತು. 1973ರಲ್ಲಿ ಅಬೆರಸ್ಟ್ವಿತ್‌ಗೆ ವೆಲ್ಷ್ ಮಾಧ್ಯಮದ ಪ್ರೌಢಶಾಲೆ ದೊರೆಯಿತು. ಅದಕ್ಕೆ ಇಟ್ಟ ಹೆಸರು ‘ಪೆನ್‌ವೆಥಿಗ್’, ಆ ಸೀಮೆಯ ಮಧ್ಯಯುಗದ ಹೆಸರು. ಆಡಳಿತದಿಂದ ಮರೆಯಾಗಿದ್ದ ಸೀಮೆಯೊಂದು ಮಕ್ಕಳ ಪುಸ್ತಕದ ಮೊದಲ ಪುಟದಲ್ಲಿ ಮರಳಿ ಕಾಣಿಸಿತು.

ಶಾಲೆಯ ಜೊತೆಗೆ ಬೀದಿಯೂ ಮಾತನಾಡಿತು. 1963ರ ಫೆಬ್ರವರಿ 2ರಂದು ತ್ರೆವೆಖಾನ್ ಸೇತುವೆಯ ಮೇಲೆ, ಅದೇ ಕಿರಿಯೂರಿನ ಸೇತುವೆಯ ಮೇಲೆ, ಕೆಲವು ಹತ್ತು ಯುವಜನರು ಚಳಿಯಲ್ಲಿ ಕುಳಿತು ಸಂಚಾರ ತಡೆದರು. ನ್ಯಾಯಾಲಯದ ಸಮನ್ಸು ವೆಲ್ಷ್ ಭಾಷೆಯಲ್ಲಿಯೂ ಸಿಗಬೇಕೆಂಬುದು ಬೇಡಿಕೆ. 1967ರಲ್ಲಿ ಮೊದಲ ಭಾಷಾ ಕಾಯಿದೆ ಬಂತು. ಆಮೇಲಿನ ವರ್ಷಗಳಲ್ಲಿ ಇಂಗ್ಲಿಷ್ ಮಾತ್ರವಿದ್ದ ಊರ ಫಲಕಗಳಿಗೆ ಬಣ್ಣ ಬಳಿದು ಜೈಲಿಗೆ ಹೋದವರೂ ಉಂಟು. ಬಣ್ಣ ಬಳಿಯುವುದನ್ನು ನಮ್ಮ ಮಕ್ಕಳಿಗೆ ನಾವು ಕಲಿಸುವುದಿಲ್ಲ, ಅದನ್ನು ಇಲ್ಲಿ ಸ್ಪಷ್ಟಪಡಿಸುತ್ತೇವೆ. ಇಂದು ಅಲ್ಲಿನ ಫಲಕಗಳೆಲ್ಲ ದ್ವಿಭಾಷೆಯವು. 2022ರಲ್ಲಿ ಸ್ನೋಡನ್ ಶಿಖರಕ್ಕೆ ಅದರ ಹಳೆಯ ಹೆಸರಾದ ‘ಅರ್ ವಿಥ್ವಾ’ವನ್ನೇ ಬಳಸಲು ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತ ನಿರ್ಧರಿಸಿತು.

ಹಾಗಾದರೆ ಎಲ್ಲವೂ ಶುಭವಾಯಿತೇ? ಅಂಕಿಗಳು ಹಾಗೆ ಹೇಳುವುದಿಲ್ಲ. ಕೆರೆದಿಗ್ಯೋನ್ ಜಿಲ್ಲೆಯಲ್ಲಿ ವೆಲ್ಷ್ ಬಲ್ಲವರು 2001ರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿದ್ದರು. 2011ರಲ್ಲಿ ಶೇಕಡಾ 47.3, 2021ರಲ್ಲಿ ಶೇಕಡಾ 45.3. ಫಲಕಗಳು ಹೆಚ್ಚಿದ ದಶಕಗಳಲ್ಲಿಯೇ ಮಾತು ಇಳಿದಿದೆ. ಇಂಗ್ಲೆಂಡಿನಲ್ಲಿ ಏವನ್ ಎಂಬ ನದಿಗಳು ಹಲವಿವೆ. ಆ ಹೆಸರಿನ ಅರ್ಥ ‘ನದಿ’ ಎಂದಷ್ಟೇ. ವೆಲ್ಷ್‌ನಲ್ಲಿ ಇಂದಿಗೂ ನದಿಗೆ ‘ಅವನ್’ ಎನ್ನುತ್ತಾರೆ. ಡೋವರ್ ಎಂದರೆ ‘ನೀರು’. ಆ ಹೆಸರುಗಳನ್ನು ಇಟ್ಟ ಮಾತು ಅಲ್ಲಿಂದ ಅಳಿದು ಸಾವಿರ ವರ್ಷಗಳ ಮೇಲಾಯಿತು. ಹೆಸರುಗಳಿಗೆ ಒಂದಿಷ್ಟೂ ಪೆಟ್ಟಾಗಿಲ್ಲ, ಅವು ಫಲಕದ ಮೇಲೆ ನೆಮ್ಮದಿಯಿಂದಿವೆ. ಅವುಗಳ ಅರ್ಥ ಮಾತ್ರ ಹಾದಿಹೋಕನಿಗೆ ತಿಳಿಯದು.

ನಮ್ಮ ನಾಡಿನ ಕಡೆಗೆ ಒಮ್ಮೆ ತಿರುಗಿ ನೋಡಿದರೆ, ಹೊಸದುರ್ಗ ಎಂದರೂ ಪುದಿಯಕೋಟ ಎಂದರೂ ಕೆಳದಿಯ ನಾಯಕರ ಹೊಸ ಕೋಟೆಯೇ. ಪಿಲಿಕುಂಜೆ ಎಂದರೂ ಪುಲಿಕುನ್ನು ಎಂದರೂ ಹುಲಿಯ ಗುಡ್ಡವೇ. ತುಳುವಿನ ಹುಲಿ, ಮಲಯಾಳದ ಹುಲಿ ಎಂದು ಎರಡಿರಲಿಲ್ಲ. ಎರಡು ಹೆಸರುಗಳೂ ಎರಡು ಬಾಯಿಗಳಲ್ಲಿ ಇರಲಿ ಎಂಬುದು ನಮ್ಮ ಅಭಿಪ್ರಾಯ. ಒಂದನ್ನು ಉಳಿಸಲು ಇನ್ನೊಂದನ್ನು ಒರೆಸಬೇಕಾಗಿಲ್ಲ. ಆದರೆ 1956ರ ನವೆಂಬರ್ 1ರ ಬಳಿಕ ಈ ನೆಲದಲ್ಲಿ ಹುಟ್ಟಿದ ಕನ್ನಡದ ಮಕ್ಕಳಿಗೆ ಬದಿಯಡ್ಕದ ‘ಅಡ್ಕ’ ಏನೆಂದು ಹೇಳಿಕೊಡುವ ಜಾಗ ಯಾವುದು? ಮನೆ ಒಂದು, ಇಂಥ ಶಾಲೆ ಒಂದು. ಮೂರನೆಯದು ನಮಗೆ ಕಾಣುವುದಿಲ್ಲ. ಈ ಸಭೆಯಲ್ಲಿ ಕುಳಿತಿರುವ ಕೆಲವರು ತಮ್ಮ ಕಿರಿಯ ಮಗುವನ್ನು ಬರುವ ವರ್ಷ ಎಲ್ಲಿ ಸೇರಿಸುವುದೆಂದು ಇನ್ನೂ ನಿಶ್ಚಯಿಸಿಲ್ಲವೆಂಬುದು ನಮಗೆ ಗೊತ್ತು. ಅವರ ಕಾರಣಗಳು ಹಗುರವಾದವಲ್ಲ. ಉದ್ಯೋಗ, ಪ್ರವೇಶ ಪರೀಕ್ಷೆ, ನೆರೆಮನೆಯ ಮಗು ಆಡುವ ಇಂಗ್ಲಿಷ್, ಇವೆಲ್ಲವೂ ಇವೆ. ನೋರಾ ಐಸಾಕ್ ಅವರ ತರಗತಿಗೆ ಮಕ್ಕಳನ್ನು ಕಳುಹಿಸಿದವರ ಮುಂದೆಯೂ ಇಂಗ್ಲಿಷಿನ ಎಳೆತ ಇದಕ್ಕಿಂತ ಕಡಿಮೆಯಿರಲಿಲ್ಲ. ನಾವು ಅವರನ್ನು ಕೇಳಿಕೊಳ್ಳುವುದಿಷ್ಟೆ: ನಿಶ್ಚಯಿಸುವ ಮೊದಲು ಒಂದು ದಿನ ಬಂದು ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಿ.

ಕೊನೆಯದಾಗಿ ಒಂದು ಕೆಲಸದ ವಿಷಯ. ವೇಲ್ಸಿನಲ್ಲಿ 1840ರ ಸುಮಾರಿಗೆ ತೆರಿಗೆಗಾಗಿ ತಯಾರಿಸಿದ ಸಾವಿರಕ್ಕೂ ಮಿಕ್ಕ ನಕ್ಷೆಗಳಲ್ಲಿ ಬಹಳಷ್ಟು ಹೊಲಗಳ ಹೆಸರುಗಳು ದಾಖಲಾಗಿವೆ. ಅವು ಅಬೆರಸ್ಟ್ವಿತ್‌ನ ಗ್ರಂಥಾಲಯದಲ್ಲಿವೆ. ಈಚೆಗೆ ನೂರಾರು ಸ್ವಯಂಸೇವಕರು ಕುಳಿತು ಅವನ್ನೆಲ್ಲ ಓದಿ ಗಣಕಯಂತ್ರಕ್ಕೆ ಏರಿಸಿದರು. ನಮ್ಮ ಗದ್ದೆಗಳ ಹೆಸರುಗಳು ಅಂಥ ನಕ್ಷೆಯಲ್ಲಿಲ್ಲ. ಅಜ್ಜಿಯರ ಬಾಯಲ್ಲಿವೆ, ಹಳೆಯ ಗೇಣಿಚೀಟಿಗಳಲ್ಲಿವೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಯ ಜಾತಿಯನ್ನು ಹೆಸರಿನಿಂದಲೇ ತಿಳಿಯುತ್ತಿದ್ದ ಕಾಲ ದೂರವಾಗುತ್ತಿದೆ; ಎಷ್ಟೋ ಬೈಲುಗಳಲ್ಲಿ ಈಗ ಅಡಕೆ, ಇನ್ನೆಷ್ಟೋ ಕಡೆ ಮನೆಗಳು. ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳು ಈ ಬೇಸಗೆ ರಜೆಯಲ್ಲಿ ತಮ್ಮ ಮನೆಯ ಸುತ್ತಣ ಗದ್ದೆ, ತೋಡು, ಗುಡ್ಡ, ಕಟ್ಟೆ, ಬನಗಳ ಹೆಸರುಗಳನ್ನು ಬರೆದು ತರಲಿದ್ದಾರೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಯಾವ ಮಾತಿನ ಹೆಸರಾದರೂ ಸರಿ, ಹೇಳಿದವರ ವಯಸ್ಸನ್ನೂ ಬರೆಯಬೇಕು, ಕೇಳಿದಂತೆಯೇ ಬರೆಯಬೇಕು, ತಿದ್ದಬಾರದು. ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಹಳೆಯ ದಸ್ತಾವೇಜುಗಳಿದ್ದರೆ ಒಂದು ದಿನದ ಮಟ್ಟಿಗೆ ಶಾಲೆಗೆ ತಂದುಕೊಡಿ. ಪ್ರತಿ ತೆಗೆದು ಅಂದೇ ಮರಳಿಸುತ್ತೇವೆ. ಹೆಸರು ಬರೆಯುವ ಪುಸ್ತಕಗಳು ಕಚೇರಿಯ ಕಿಟಕಿಯ ಬಳಿ ಇವೆ. ಹೋಗುವಾಗ ಒಂದೊಂದನ್ನು ತೆಗೆದುಕೊಂಡು ಹೋಗಬೇಕಾಗಿ ವಿನಂತಿ.